3 ಇಂಚಿನ ಲಿಫ್ಟ್, 33 ಇಂಚಿನ ಟೈರು: ಮಲೆನಾಡಿನ ತೋಟದ ದಾರಿಗೆ ಬೇಕೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ನಗರದ ಕಡೆ ನಮ್ಮ ಅಡಿಕೆ ತೋಟ. 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ಇದೆ. ಕಂಪನಿ ಅಳತೆಯ 245/70 ಆರ್16 ಟೈರುಗಳು ಸವೆದಿವೆ. ಟಾರು ರಸ್ತೆಯಿಂದ ಮನೆಯವರೆಗೆ ಮಣ್ಣಿನ ದಾರಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಜಾಡು ಆಳಕ್ಕಿಳಿದಿವೆ, ನಡುವಿನ ದಿಬ್ಬ ಗಾಡಿಯ ಅಡಿಗೆ ಉಜ್ಜುತ್ತದೆ. ಮಳೆ ಹಿಡಿದರೆ ಏರಿನಲ್ಲಿ ಜಾರುತ್ತದೆ. ಗೊಬ್ಬರ, ಅಡಿಕೆ ಮೂಟೆ ಹೇರುವುದೂ ಇದೆ. ಗ್ಯಾರೇಜಿನವರು 3 ಇಂಚು ಲಿಫ್ಟ್ ಮಾಡಿಸಿ 33 ಇಂಚಿನ ಟೈರು ಹಾಕಿಸಿ ಅನ್ನುತ್ತಾರೆ. ಮಾಡಿಸಬಹುದೇ? ಏನೇನು ಬದಲಿಸಬೇಕಾಗುತ್ತದೆ? ಆರ್‌ಟಿಒ ತಕರಾರು ಬರುತ್ತದೆಯೇ?

ಉತ್ತರ: ಹೂಂ ಅನ್ನುವ ಮೊದಲು ಗಾಡಿಯನ್ನು ರ‍್ಯಾಂಪ್ ಹತ್ತಿಸಿ, ಟಾರ್ಚ್ ಹಿಡಿದು ಅಡಿಯನ್ನು ನೋಡಿ. ಉಜ್ಜಿದ ಗುರುತು ಎಲ್ಲಿದೆ ಎನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ. ಹಿಂದಿನ ಆಕ್ಸಲ್ ನಡುವಿನ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಹೌಸಿಂಗ್‌ನ ತಳದಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿದ್ದರೆ, ಲಿಫ್ಟ್ ಕಿಟ್‌ಗೆ ಸುರಿಯುವ ದುಡ್ಡಿನಿಂದ ಆ ಜಾಗ ಒಂದು ಮಿಲಿಮೀಟರೂ ಮೇಲೇರುವುದಿಲ್ಲ. ಹಿಂದಿನ ಆಕ್ಸಲ್ ಕೂತಿರುವುದು ಚಕ್ರಗಳ ಮೇಲೆ. ಲಿಫ್ಟ್ ಎತ್ತುವುದು ಅದರ ಮೇಲಿರುವ ಚಾಸಿ ಮತ್ತು ಬಾಡಿಯನ್ನು ಮಾತ್ರ. ಆಕ್ಸಲ್ ಏರಬೇಕಾದರೆ ಟೈರೇ ದೊಡ್ಡದಾಗಬೇಕು, ಅದೂ ಟೈರಿನ ವ್ಯಾಸ ಬೆಳೆದಷ್ಟರಲ್ಲಿ ಅರ್ಧ.

ಗುರುತು ಮುಂದಿನ ಸ್ಕಿಡ್ ಪ್ಲೇಟ್ (ಅಡಿಯನ್ನು ಕಾಯುವ ತಗಡು), ಗೇರ್‌ಬಾಕ್ಸ್ ಕ್ರಾಸ್‌ಮೆಂಬರ್ ಅಥವಾ ಫುಟ್‌ಬೋರ್ಡ್ ಮೇಲಿದ್ದರೆ ಮಾತು ಬೇರೆ. ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್ (ಒಂದೊಂದು ಚಕ್ರವೂ ತನ್ನಷ್ಟಕ್ಕೆ ಆಡುವಂಥದ್ದು) ಆಗಿರುವುದರಿಂದ ಅಲ್ಲಿನ ಡಿಫರೆನ್ಷಿಯಲ್ ಚಾಸಿಗೇ ಕಟ್ಟಿಕೊಂಡಿರುತ್ತದೆ, ಲಿಫ್ಟ್ ಮಾಡಿದರೆ ಅದೂ ಏರುತ್ತದೆ. ವಿ-ಕ್ರಾಸ್‌ನ ವೀಲ್‌ಬೇಸ್ 3095 ಮಿ.ಮೀ. ಮುಂದಿನ ಚಕ್ರ ಉಬ್ಬು ದಾಟಿ, ಹಿಂದಿನದು ಇನ್ನೂ ಹತ್ತದೆ ಇರುವಾಗ ಹೊಟ್ಟೆ ತಗಲುವುದು ಇಷ್ಟು ಉದ್ದದ ಗಾಡಿಗೆ ಸಹಜ. ಅಂಥ ಕಡೆ ಲಿಫ್ಟ್ ನಿಜಕ್ಕೂ ಕೆಲಸ ಮಾಡುತ್ತದೆ. ನೀವು ಬರೆದಿರುವುದು ನಡುವಿನ ದಿಬ್ಬದ ವಿಷಯ. ಆಳ ಜಾಡಿನ ದಾರಿಯಲ್ಲಿ ಮೊದಲು ತಗಲುವುದು ಬಹುಮಟ್ಟಿಗೆ ಹಿಂದಿನ ಹೌಸಿಂಗೇ.

ಹಾಗಾಗಿ ಮೊದಲ ಖರ್ಚು ದಾರಿಗೆ. ಒಂದೆರಡು ಲೋಡ್ ಜಂಬಿಟ್ಟಿಗೆ ಚೂರು ಅಥವಾ ದಪ್ಪ ಜಲ್ಲಿ ತರಿಸಿ ಜಾಡು ತುಂಬಿಸಿ, ಏರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡ ಚರಂಡಿ ಕಡಿಸಿ ನೀರನ್ನು ಪಕ್ಕಕ್ಕೆ ಬಿಡಿ. ಜಾಡು ಕೊರಕಲಾಗುವುದಕ್ಕೆ ಟ್ರ್ಯಾಕ್ಟರ್ ಅರ್ಧ ಕಾರಣವಾದರೆ ಅದೇ ಜಾಡಿನಲ್ಲಿ ಹರಿಯುವ ನೀರು ಇನ್ನರ್ಧ. ನೀರಿಗೆ ಬೇರೆ ದಾರಿ ಮಾಡದಿದ್ದರೆ ತುಂಬಿದ ಕಲ್ಲು ಒಂದೇ ಮಳೆಗಾಲಕ್ಕೆ ತೋಟ ಸೇರುತ್ತದೆ. ಗಾಡಿ ವಿಷಯ ಕೇಳಿದರೆ ಚರಂಡಿ ಕಥೆ ಹೇಳುತ್ತಾರಲ್ಲ ಅನ್ನಿಸಬಹುದು. ಆದರೆ ಜಾಡಿನಲ್ಲಿ 10 ಸೆಂ.ಮೀ. ಕಲ್ಲು ತುಂಬಿದರೆ ಹೌಸಿಂಗ್ ಕೆಳಗೆ 10 ಸೆಂ.ಮೀ. ಜಾಗ ಸಿಗುತ್ತದೆ. ಯಾವ ಟೈರೂ ಅಷ್ಟು ಕೊಡುವುದಿಲ್ಲ.

ಟೈರಿನ ಲೆಕ್ಕ ಹೀಗೆ. 245/70 ಆರ್16 ಅಂದರೆ ಅಗಲ 245 ಮಿ.ಮೀ., ಗೋಡೆಯ ಎತ್ತರ ಅದರ ಶೇ. 70, ಅಂದರೆ 171.5 ಮಿ.ಮೀ. ಮೇಲೊಂದು ಕೆಳಗೊಂದು ಗೋಡೆ, ನಡುವೆ 406.4 ಮಿ.ಮೀ. ರಿಮ್. ಒಟ್ಟು ವ್ಯಾಸ ಸುಮಾರು 749 ಮಿ.ಮೀ., ಇಂಚಿನಲ್ಲಿ 29.5. ಅದೇ ರಿಮ್‌ಗೆ 265/70 ಹಾಕಿದರೆ 777 ಮಿ.ಮೀ. ಆಗುತ್ತದೆ, ಆಕ್ಸಲ್ 14 ಮಿ.ಮೀ. ಮೇಲೇರುತ್ತದೆ. 265/75 ಹಾಕಿದರೆ 804 ಮಿ.ಮೀ., ಏರಿಕೆ 27 ಮಿ.ಮೀ. ಗ್ಯಾರೇಜಿನವರು 33 ಇಂಚು ಅನ್ನುವುದು 285/75 ಆರ್16 ಆಗಿರಬೇಕು. ಅದು 834 ಮಿ.ಮೀ., ಏರಿಕೆ 42 ಮಿ.ಮೀ. ಇವೆಲ್ಲ ಕಾಗದದ ಲೆಕ್ಕ. ಕಂಪನಿಯಿಂದ ಕಂಪನಿಗೆ ಐದಾರು ಮಿ.ಮೀ. ಆಚೀಚೆ ಇರುತ್ತದೆ, ಭಾರ ಬಿದ್ದ ಮೇಲೆ ಟೈರು ಸ್ವಲ್ಪ ಕುಸಿಯುತ್ತದೆ.

33 ಇಂಚಿನ ಟೈರು ಈ ಗಾಡಿಗೆ ಬೇಡ. ವ್ಯಾಸ ಶೇ. 11ರಷ್ಟು ಹೆಚ್ಚಾದರೆ ಎಲ್ಲ ಗೇರೂ ಅಷ್ಟೇ ಉದ್ದವಾದ ಹಾಗೆ. 2.5 ಲೀಟರ್ ಎಂಜಿನ್, ಐದು ಗೇರಿನ ಗಾಡಿಯಲ್ಲಿ ಲೋಡ್ ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಹೋಗುತ್ತಿದ್ದ ತಿರುವಿಗೆ ಒಂದನೇ ಗೇರು ಬೇಕಾಗುತ್ತದೆ, ಕ್ಲಚ್ ಸುಡುತ್ತದೆ. ಇಳಿಯುವಾಗಿನದು ಇನ್ನೂ ಕೆಟ್ಟದ್ದು. ಬ್ರೇಕ್ ಡಿಸ್ಕು ಅಷ್ಟೇ ಗಾತ್ರ, ಅದು ಹಿಡಿದು ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದು, ಭಾರದ್ದು. ಅಷ್ಟೇ ತಡೆಗೆ ಶೇ. 11 ಹೆಚ್ಚು ಒತ್ತಡ ಬೇಕು. ಎಂಜಿನ್ ಬ್ರೇಕಿಂಗ್ ಕೂಡ ಅಷ್ಟೇ ಕಮ್ಮಿಯಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು, ಬಾಡಿಯನ್ನು ಚಾಸಿಗೆ ಕಟ್ಟುವ ಬಾಡಿ ಮೌಂಟ್‌ಗೆ, ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ತಗಲುತ್ತದೆ. ಅದನ್ನು ಸರಿ ಮಾಡಲು ಮೌಂಟ್ ಕತ್ತರಿಸಿ ವೆಲ್ಡ್ ಮಾಡಬೇಕು, ಉದ್ದವಾದ ಗೇರನ್ನು ಸರಿ ಮಾಡಲು ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರು ಜೋಡಿ) ಬದಲಿಸಬೇಕು. ಅಡಿಕೆ ಸಾಗಿಸುವ ಗಾಡಿಗೆ ಈ ಪಾಡು ಯಾಕೆ?

265/75 ಕೂಡ ಮೌಂಟ್ ಹತ್ತಿರ ತಗಲುವ ಅಳತೆಯೇ. ಅಂಚಿನಲ್ಲಿ ನಿಲ್ಲುವುದು 265/70. ಸುಮಾರು 40 ಮಿ.ಮೀ. ಲಿಫ್ಟ್ ಇದ್ದರೆ, ಕಂಪನಿ ಆಫ್‌ಸೆಟ್‌ನ ರಿಮ್ (ಚಕ್ರ ಒಳಗೆ ಹೊರಗೆ ಎಷ್ಟು ಕೂರುತ್ತದೆ ಎಂಬುದೇ ಆಫ್‌ಸೆಟ್) ಉಳಿಸಿಕೊಂಡರೆ, ಮಡ್‌ಫ್ಲ್ಯಾಪ್ ಹಿಂದಕ್ಕೆ ಸರಿಸಿ ಲೈನರನ್ನು ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಒಳಕ್ಕೆ ಒತ್ತಿದರೆ ಸಾಮಾನ್ಯವಾಗಿ ಸಾಕು. ರಿಮ್ ಒಳಗೆ ಅದರ ಅಗಲ ಬರೆದಿರುತ್ತದೆ, 7ಜೆ ಅಂದರೆ 7 ಇಂಚು. 265ರ ಟೈರಿಗೆ ಅದೇ ಕನಿಷ್ಠ. ಚಕ್ರ ಹೊರಕ್ಕೆ ಕಾಣಲಿ ಎಂದು ವೀಲ್ ಸ್ಪೇಸರ್ ಹಾಕಿಸಬೇಡಿ. ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ. ತಿರುಗುವಾಗ ಟೈರು ಅಗಲವಾದ ವೃತ್ತ ಹೊಡೆಯುವುದರಿಂದ ಮೊದಲು ತಗಲದಿದ್ದ ಕಡೆಯೂ ತಗಲಲು ಶುರುವಾಗುತ್ತದೆ.

ಏರಿನಲ್ಲಿ ಜಾರುವುದಕ್ಕೂ ಗಾಡಿಯ ಎತ್ತರಕ್ಕೂ ಸಂಬಂಧವೇ ಇಲ್ಲ. ಅದು ಟೈರಿನ ಗುಣ ಮತ್ತು ಗಾಳಿಯ ವಿಷಯ. ಈಗಿರುವುದು ಹೆದ್ದಾರಿ ಟೈರು, ಅದೂ ಸವೆದದ್ದು. ಕಾನೂನಿನ ಪ್ರಕಾರ ಟ್ರೆಡ್ 1.6 ಮಿ.ಮೀ. ಇದ್ದರೆ ಸಾಕು, ಆದರೆ ಮಲೆನಾಡಿನ ಆಷಾಢದ ಕೆಸರಿಗೆ 4 ಮಿ.ಮೀ.ಗಿಂತ ಕೆಳಗಿಳಿದ ಟೈರು ನುಣ್ಣನೆಯದ್ದೇ. ಆಲ್ ಟೆರೇನ್, ಅಂದರೆ ಎಟಿ ಟೈರು ತೆಗೆದುಕೊಳ್ಳಿ. ಮಡ್ ಟೆರೇನ್ ನೋಡಲು ಜೋರು, ಗದ್ದೆಯ ರಾಡಿಯಲ್ಲಿ ಕೆಲಸವನ್ನೂ ಮಾಡುತ್ತದೆ. ಆದರೆ ಅದರ ದೊಡ್ಡ ದೊಡ್ಡ ಗಟ್ಟೆಗಳಲ್ಲಿ ಸಣ್ಣ ಸೀಳುಗಳು ಕಮ್ಮಿ, ಒದ್ದೆ ಟಾರಿನ ಮೇಲೆ, ಪಾಚಿ ಹಿಡಿದ ಕಲ್ಲಿನ ಮೇಲೆ ಹಿಡಿತ ಸಾಲದು. ನಿಮ್ಮ ಓಡಾಟದಲ್ಲಿ ಮಣ್ಣಿನ ದಾರಿ ಸ್ವಲ್ಪ, ಮಳೆಯಲ್ಲಿ ನೆಂದ ಘಾಟಿ ರಸ್ತೆ ಬಹಳ.

ಕೊಳ್ಳುವಾಗ ಪಕ್ಕದ ಗೋಡೆಯ ಮೇಲೆ ಎರಡು ಸಂಗತಿ ಓದಿ. ಅಳತೆಯ ಮುಂದೆ 111ಎಸ್, 112ಟಿ ಎಂಬಂತೆ ಇರುವುದರಲ್ಲಿ ಅಂಕಿ ಭಾರದ ಸೂಚ್ಯಂಕ. 111 ಅಂದರೆ ಒಂದು ಟೈರು 1090 ಕೆ.ಜಿ., 112 ಅಂದರೆ 1120 ಕೆ.ಜಿ. ಹೊರಬಲ್ಲದು. ನೀವು ಲೋಡ್ ಹೇರುವವರು, 111ಕ್ಕಿಂತ ಕೆಳಗೆ ಹೋಗಬೇಡಿ. ಎರಡನೆಯದು ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರನ್ನು ಡಿಸ್ಕೌಂಟ್ ಆಸೆಗೆ ತರಬೇಡಿ. ಐದೂ ಒಟ್ಟಿಗೆ ಕೊಳ್ಳಿ, ಸ್ಟೆಪ್ನಿ ಸೇರಿಸಿ. ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಗ ಒಂದು ಚಕ್ರದ ಅಳತೆ ಬೇರೆ ಇದ್ದರೆ ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಏಟು ಬೀಳುತ್ತದೆ. 265ರ ಸ್ಟೆಪ್ನಿ ಟ್ರೇ ಅಡಿಯ ಜಾಗದಲ್ಲಿ ಕೂರುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಹತ್ತಿಸಿ ನೋಡಿ.

ಲಿಫ್ಟ್ ವಿಷಯಕ್ಕೆ ಬರೋಣ. ನಿಮ್ಮ ಗಾಡಿ 2017ರದ್ದು, ಲೋಡ್ ಹೊತ್ತದ್ದು. ಅದರ ಸ್ಪ್ರಿಂಗ್‌ಗಳು ಈಗಾಗಲೇ ಕುಸಿದಿರುವ ಸಾಧ್ಯತೆ ಹೆಚ್ಚು. ಸಮತಟ್ಟಾದ ಕಾಂಕ್ರೀಟ್ ಮೇಲೆ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪಿನಲ್ಲಿ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಎಡ ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಹಿಂದಿನ ಲೀಫ್ ಸ್ಪ್ರಿಂಗ್‌ನ ಪಟ್ಟಿಗಳು ಖಾಲಿ ಗಾಡಿಯಲ್ಲೇ ಬಾಗು ಕಳೆದುಕೊಂಡು ನೇರವಾಗಿದ್ದರೆ, ನಿಮಗೆ ಬೇಕಾದದ್ದು ಲಿಫ್ಟ್‌ಗಿಂತ ಮೊದಲು ಹೊಸ ಸ್ಪ್ರಿಂಗ್. ಕಳೆದುಹೋದ ಎತ್ತರ ವಾಪಸ್ ಬಂದರೇ ಅರ್ಧ ತೊಂದರೆ ತೀರಬಹುದು.

ಅಲ್ಲಿಂದ ಮೇಲೆ 40 ಮಿ.ಮೀ., ಬಹಳ ಅಂದರೆ 50. ಗ್ಯಾರೇಜಿನವರ 3 ಇಂಚು ಅಂದರೆ 76 ಮಿ.ಮೀ., ಅಷ್ಟು ಬೇಡ. ಈ ಮಿತಿ ಸುಮ್ಮನೆ ಹೇಳಿದ್ದಲ್ಲ. ಮುಂದೆ ಎತ್ತಿದಷ್ಟೂ ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಕೆಳಕ್ಕೆ ಬಾಗುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿದ ಕೋನ) ಕಮ್ಮಿಯಾಗುತ್ತದೆ, ಚಕ್ರದ ತಲೆ ಹೊರಕ್ಕೆ ವಾಲುತ್ತದೆ, ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗುತ್ತದೆ. ಕ್ಯಾಸ್ಟರ್ ಕಳೆದುಕೊಂಡ ಗಾಡಿಯ ಸ್ಟೀರಿಂಗ್ ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ, 80ರ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. 40 ಮಿ.ಮೀ.ವರೆಗೆ ಕಂಪನಿ ಆರ್ಮ್‌ನಲ್ಲೇ ಅಲೈನ್‌ಮೆಂಟ್ ಸಾಮಾನ್ಯವಾಗಿ ಕೂರುತ್ತದೆ. 50ಕ್ಕೆ ಹೋದರೆ ಕ್ಯಾಸ್ಟರ್ ಸರಿಪಡಿಸುವ ಬೇರೆ ಅಪ್ಪರ್ ಆರ್ಮ್ ಬೇಕು. ಅದನ್ನೂ ಮೀರಿದರೆ ಮುಂದಿನ ಡಿಫರೆನ್ಷಿಯಲನ್ನು ಸ್ಪೇಸರ್ ಕೊಟ್ಟು ಕೆಳಗಿಳಿಸಬೇಕು. ಇಲ್ಲದಿದ್ದರೆ ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್ (ಬಾಗಿದರೂ ತಿರುಗುವ ಕೀಲು) ಕೋನ ತೀರಾ ಹೆಚ್ಚಾಗುತ್ತದೆ. ಮೇಲೆತ್ತುವುದಕ್ಕೆ ದುಡ್ಡು ಕೊಟ್ಟು, ಎತ್ತಿದ್ದನ್ನೇ ಇಳಿಸಲು ಇನ್ನೊಮ್ಮೆ ದುಡ್ಡು ಕೊಡುವ ಕೆಲಸ ಇದು.

ಮುಂದಿನ ಎತ್ತರಕ್ಕೆ ಮೂರು ದಾರಿಗಳಿವೆ. ಸ್ಟ್ರಟ್ (ಕಾಯಿಲ್ ಸ್ಪ್ರಿಂಗ್, ಶಾಕ್ ಸೇರಿದ ಕಂಬ) ತಲೆಯ ಮೇಲೆ ಕೂರಿಸುವ ಸ್ಪೇಸರ್ ಎಲ್ಲಕ್ಕಿಂತ ಅಗ್ಗ. ಸ್ಟ್ರಟ್‌ನ ಬುಡ ಲೋವರ್ ಆರ್ಮ್‌ನ ನಡುಭಾಗದಲ್ಲಿ ಕಟ್ಟಿರುವುದರಿಂದ 20 ಮಿ.ಮೀ. ಸ್ಪೇಸರ್ ಹಾಕಿದರೆ ಚಕ್ರದ ಬಳಿ 35ರಿಂದ 40 ಮಿ.ಮೀ. ಏರಿಕೆ ಬರುತ್ತದೆ. ಇದು ತಿಳಿಯದೆ 40ರ ಸ್ಪೇಸರ್ ಹಾಕಿಸಿಕೊಂಡು ಸಿವಿ ಬೂಟ್ (ಆ ಜಾಯಿಂಟಿನ ರಬ್ಬರ್ ಹೊದಿಕೆ) ಹರಿದುಕೊಂಡ ಗಾಡಿಗಳು ಬೇಕಾದಷ್ಟಿವೆ. ಸ್ಪೇಸರ್‌ನ ಇನ್ನೊಂದು ದೋಷ, ಸ್ಟ್ರಟ್ ಪೂರ್ತಿ ಚಾಚಿದಾಗ ಚಕ್ರ ಮೊದಲಿಗಿಂತ ಕೆಳಕ್ಕೆ ಜೋತುಬಿದ್ದು ಅಪ್ಪರ್ ಆರ್ಮ್ ಹೋಗಿ ಕಾಯಿಲ್‌ಗೆ ಬಡಿಯಬಹುದು. ಸ್ಪ್ರಿಂಗ್‌ಗೂ ಅದರ ಪೀಠಕ್ಕೂ ನಡುವೆ ಪ್ಯಾಕಿಂಗ್ ತುರುಕುವುದು ಎರಡನೇ ದಾರಿ. ಗಾಡಿ ಏರುತ್ತದೆ ನಿಜ, ಆದರೆ ಕೆಳಕ್ಕೆ ಚಾಚುವ ದೂರ ಕಮ್ಮಿಯಾಗಿ ಪ್ರತಿ ಗುಂಡಿಗೂ ಟಕ್ ಎಂಬ ಸದ್ದು ಬರುತ್ತದೆ. ಮೂರನೆಯದು, ಅಳತೆಗೆ ತಕ್ಕ ಹೊಸ ಕಾಯಿಲ್ ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್. ದುಬಾರಿ, ಆದರೆ ಎಂಟು ವರ್ಷ ದಾಟಿದ ಶಾಕ್‌ಗಳನ್ನು ಹೇಗೂ ಬದಲಿಸಬೇಕು. ನಿಮಗೆ ಇದೇ ಸರಿ.

ಹಿಂದೆ ಉದ್ದನೆಯ ಶ್ಯಾಕಲ್ (ಲೀಫ್ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತುವುದು ಹಳೇ ಉಪಾಯ. ಶ್ಯಾಕಲ್ 40 ಮಿ.ಮೀ. ಉದ್ದವಾದರೆ ಗಾಡಿ ಏರುವುದು ಸುಮಾರು 20. ಮೇಲಾಗಿ ಆಕ್ಸಲ್ ತುಸು ತಿರುಗಿ ಪಿನಿಯನ್ ಕೋನ ಕೆಡುತ್ತದೆ. ಆಕ್ಸಲ್‌ಗೂ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಸಣ್ಣ ಅಳತೆಗೆ ನಡೆಯುತ್ತದೆ, ಆದರೆ ಬ್ಲಾಕ್ ಮೇಲೆ ಬ್ಲಾಕ್ ಎಂದಿಗೂ ಬೇಡ. ಲೋಡ್ ಹೊತ್ತು ಏರಿನಲ್ಲಿ ಎಳೆಯುವಾಗ ಆಕ್ಸಲ್ ಮುರುಚಿಕೊಳ್ಳುತ್ತದೆ, ಬ್ಲಾಕ್ ಆ ಮುರುಚಿಗೆ ಸನ್ನೆಕೋಲಾಗುತ್ತದೆ. ಹಳೇ ಪಟ್ಟಿ ಬಿಚ್ಚಿ ಸುತ್ತಿಗೆಯಲ್ಲಿ ಬಡಿದು ಬಾಗು ಏರಿಸಿಕೊಡುತ್ತೇವೆ ಎನ್ನುವವರು ಶಿವಮೊಗ್ಗದಲ್ಲೂ ಸಿಗುತ್ತಾರೆ. ಅಗ್ಗ, ಆದರೆ ಮತ್ತೆ ಕುಸಿಯುತ್ತದೆ. ಒಂದು ಪಟ್ಟಿ ಹೆಚ್ಚುವರಿ ಸೇರಿಸಿದರೆ ಲೋಡ್ ಇದ್ದಾಗ ಚೆನ್ನ, ಖಾಲಿ ಗಾಡಿ ಮಾತ್ರ ಎತ್ತಿನ ಗಾಡಿಯ ಹಾಗೆ ಕುಲುಕುತ್ತದೆ. ನೀವು ಸದಾ ಹೇರುವುದಿಲ್ಲ ಎಂದಾದರೆ 40 ಮಿ.ಮೀ. ಏರಿಕೆಯ ಪೂರ್ತಿ ಹೊಸ ಲೀಫ್ ಸೆಟ್, ಅದಕ್ಕೆ ತಕ್ಕ ಉದ್ದದ ಶಾಕ್ ಹಾಕಿಸಿ. ಯಾವುದೇ ಮಾಡಿಸಿದರೂ ಹೇರಬಹುದಾದ ತೂಕ ಆರ್‌ಸಿಯಲ್ಲಿ ಇದ್ದಷ್ಟೇ. ಗಟ್ಟಿ ಪಟ್ಟಿ ಹಾಕಿದೆ ಎಂದು ಆಕ್ಸಲ್ಲು, ಬ್ರೇಕು ಗಟ್ಟಿಯಾಗುವುದಿಲ್ಲ.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು ಕೆಲವು ಇವೆ. ಹಿಂದಿನ ಯು ಬೋಲ್ಟ್‌ಗಳು ಹೊಸದಾಗಿರಬೇಕು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಮಲೆನಾಡಿನಲ್ಲಿ ತುಕ್ಕೂ ಹಿಡಿದಿರುತ್ತದೆ. ಅದನ್ನೇ ಮತ್ತೆ ಹಾಕುವುದು ಆಕ್ಸಲ್ಲನ್ನು ಅದೃಷ್ಟಕ್ಕೆ ಕಟ್ಟಿದ ಹಾಗೆ. ನಾಲ್ಕು ನಟ್ಟುಗಳನ್ನು ಓರೆ ಜೋಡಿಯಲ್ಲಿ, ಟಾರ್ಕ್ ರೆಂಚ್ ಹಿಡಿದು, ಎರಡು ಮೂರು ಸುತ್ತಿನಲ್ಲಿ ಬಿಗಿಯಲಿ. ಪಟ್ಟಿಯ ನಡುವಿನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತಿದೆಯೇ ನೋಡಿಕೊಳ್ಳಿ.

ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪುವುದು ಬುಷ್ ಬಿಗಿಯುವ ರೀತಿ. ಕಂಟ್ರೋಲ್ ಆರ್ಮ್‌ನ ಬೋಲ್ಟ್, ಶ್ಯಾಕಲ್ ಬೋಲ್ಟ್, ಪಟ್ಟಿಯ ಕಣ್ಣಿನ ಬೋಲ್ಟ್ ಇವನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿದುಬಿಡುತ್ತಾರೆ. ಒಳಗಿನ ರಬ್ಬರ್ ಬುಷ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ತಿರುಚಿಕೊಂಡು, ಹಗಲೂ ರಾತ್ರಿ ಆ ತಿರುಚಿನಲ್ಲೇ ಇದ್ದು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿ ಮಾಡಿ, ಗಾಡಿ ಇಳಿಸಿ, ನಾಲ್ಕು ಮೂಲೆಯಲ್ಲೂ ಒತ್ತಿ ಕುಲುಕಿಸಿ, ಭಾರ ಚಕ್ರದ ಮೇಲಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಕೆಳಗೆ ತೂರಲು ಜಾಗ ಇಲ್ಲ ಎನ್ನುವವರಿಗೆ ಸರ್ವಿಸ್ ಪಿಟ್ ಇರುವ ಕಡೆ ಮಾಡಲು ಹೇಳಿ.

ಹಿಂದಿನ ಆಕ್ಸಲ್‌ನಿಂದ ಚಾಸಿಯ ಮೇಲಿನ ಒಂದು ವಾಲ್ವ್‌ಗೆ ತೆಳ್ಳನೆಯ ಸರಳು ಹೋಗಿದ್ದರೆ ಅದು ಲೋಡ್ ಸೆನ್ಸಿಂಗ್ ವಾಲ್ವ್. ಹಿಂಭಾಗ ಎಷ್ಟು ಕುಸಿದಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವುದು ಇದರ ಕೆಲಸ. ಗಾಡಿ ಎತ್ತರಿಸಿದಾಗ ಟ್ರೇ ಖಾಲಿ ಇದೆ ಎಂದು ಅದು ತಪ್ಪು ತಿಳಿಯುತ್ತದೆ. ಮೂಟೆ ತುಂಬಿಸಿಕೊಂಡು ಘಾಟಿ ಇಳಿಯುವಾಗಲೂ ಹಿಂದಿನ ಬ್ರೇಕು ಅರೆಮನಸ್ಸಿನಲ್ಲೇ ಹಿಡಿಯುತ್ತದೆ. ಸರಳಿನ ಬ್ರಾಕೆಟನ್ನು ಏರಿಕೆಯಷ್ಟೇ ಎತ್ತರಿಸಿ ಕಟ್ಟಿಸಬೇಕು. ಈ ವಾಲ್ವ್ ಹೆಸರು ಕೇಳಿ ಮುಖ ನೋಡುವ ಗ್ಯಾರೇಜಿಗೆ ಗಾಡಿ ಕೊಡದಿರುವುದೇ ಒಳ್ಳೆಯದು.

ಚಕ್ರ ಪೂರ್ತಿ ಜೋತುಬಿಟ್ಟಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್, ಆಕ್ಸಲ್‌ನ ಬ್ರೀದರ್ ಪೈಪ್ ಯಾವುದೂ ಬಿಗಿಯಾಗಿ ಎಳೆದುಕೊಂಡಿರಬಾರದು. ಬ್ರೀದರ್ ಪೈಪನ್ನು ಇದೇ ನೆಪದಲ್ಲಿ ಟ್ರೇ ಮಟ್ಟಕ್ಕೆ ಏರಿಸಿ ಕಟ್ಟಿಸಿ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಮೂಲಕ ನೀರನ್ನೇ ಹೀರುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಆದದ್ದು ಅದೇ.

ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ ಇರುವ ಗಾಡಿಗಳಲ್ಲಿ ಹಿಂಭಾಗ ಎತ್ತರಿಸಿದ ಮೇಲೆ ಹೊರಡುವಾಗ ನೆಲದಡಿ ಗುರ್ ಎಂದು ಅದುರುವುದುಂಟು. ವೇಗ ಏರಿದ ಮೇಲೆ ಕಾಣೆಯಾಗುತ್ತದೆ. ನಡುವಿನ ಬೇರಿಂಗ್‌ನ ಬ್ರಾಕೆಟ್‌ಗೆ ಕೆಲವು ಮಿ.ಮೀ. ಶಿಮ್ ಕೊಟ್ಟು ಶಾಫ್ಟ್ ಕೋನ ಹೊಂದಿಸಿದರೆ ಸರಿಹೋಗುತ್ತದೆ. ಅಲಕ್ಷಿಸಿದರೆ ಯುನಿವರ್ಸಲ್ ಜಾಯಿಂಟ್ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಮುಂದಿನ ಎಡಚಕ್ರ ಒಂದಡಿ ಎತ್ತರದ ಗಟ್ಟಿ ದಿಣ್ಣೆಯ ಮೇಲಿರಲಿ, ಹಿಂದಿನ ಬಲಚಕ್ರ ಇನ್ನೊಂದರ ಮೇಲೆ. ಆ ಸ್ಥಿತಿಯಲ್ಲಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ನಿಧಾನಕ್ಕೆ ಮುಂದೆ ಬನ್ನಿ, ರಿವರ್ಸ್ ಹೋಗಿ. ಇನ್ನೊಬ್ಬರು ದೂರ ನಿಂತು ಟಾರ್ಚ್ ಬಿಟ್ಟು ನೋಡಲಿ. ಮುಂದಕ್ಕೆ ಹೋಗುವಾಗ ತಗಲದ ಟೈರು ರಿವರ್ಸ್‌ನಲ್ಲಿ ತಗಲುವುದು ಬಹಳ. ಸಿವಿ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಒತ್ತಿ ಉಜ್ಜುತ್ತಿವೆಯೇ ನೋಡಿ. ಈ ಗಾಡಿಯಲ್ಲಿ 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಸ್ಥಿತಿ) ಓಡಿಸುವಾಗಲೂ ಚಕ್ರದ ಕಡೆಯ ಜಾಯಿಂಟ್ ತಿರುಗುತ್ತಲೇ ಇರುತ್ತದೆ. ಉಜ್ಜುವ ಬೂಟ್ ಬೇಗ ಹರಿದು, ಗ್ರೀಸ್ ರಿಮ್ ಒಳಗೆಲ್ಲ ಎರಚಿ, ಕೆಂಪು ಕೆಸರು ಒಳಗೆ ಸೇರುತ್ತದೆ. ಪೂರ್ತಿ ತಿರುಗಿಸಿದಾಗ ಕಟ ಕಟ ಸದ್ದು ಬಂತೆಂದರೆ ಜಾಯಿಂಟ್ ಕತೆ ಮುಗಿಯಿತು.

ಅದೇ ದಿನ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಬೆಳಕನ್ನು ತಗ್ಗಿಸುವುದು ಎರಡೂ ಆಗಬೇಕು. 500 ಕಿ.ಮೀ. ಓಡಿದ ಮೇಲೆ ಹೊಸ ಸ್ಪ್ರಿಂಗ್ ಕೂತು ಎತ್ತರ ಸ್ವಲ್ಪ ಇಳಿಯುತ್ತದೆ. ಆಗ ಯು ಬೋಲ್ಟ್ ಮತ್ತೆ ಬಿಗಿಸಿ, ಅಲೈನ್‌ಮೆಂಟ್ ಮತ್ತೆ ನೋಡಿಸಿ. ಅಲೈನ್‌ಮೆಂಟ್ ಚೀಟಿ ಕೇಳಿ ಪಡೆಯಿರಿ, ಅದರಲ್ಲಿ ಕ್ಯಾಸ್ಟರ್ ಅಂಕಿ ಇರಬೇಕು. ಬರೀ ಟೋ ಹೊಂದಿಸಿ ಕಳಿಸುವುದು ಮಾಮೂಲಿ. ಕೆಲಸವನ್ನು ಏಪ್ರಿಲ್-ಮೇ ತಿಂಗಳಲ್ಲಿ ಮಾಡಿಸಿದರೆ ಈ 500 ಕಿ.ಮೀ. ಒಣ ರಸ್ತೆಯಲ್ಲಿ ಮುಗಿಯುತ್ತದೆ.

ಮೀಟರ್ ವಿಷಯ: 265/70 ಹಾಕಿದ ಮೇಲೆ ಮೊದಲಿನ ಟೈರಿನಲ್ಲಿ ನಿಜವಾಗಿ 60ರಲ್ಲಿ ಓಡುವಾಗ ಮುಳ್ಳು ಇದ್ದ ಜಾಗಕ್ಕೇ ಬಂದರೆ ಈಗ ನಿಜವಾದ ವೇಗ 62.2 ಕಿ.ಮೀ. ಇರುತ್ತದೆ. ಓಡೋಮೀಟರ್ 10,000 ತೋರಿಸಿದಾಗ ಗಾಡಿ 10,370 ಓಡಿರುತ್ತದೆ. ಮೈಲೇಜ್ ಲೆಕ್ಕ ಹಾಕುವಾಗ ಕಿ.ಮೀ.ಯನ್ನು 1.037ರಿಂದ ಗುಣಿಸದಿದ್ದರೆ ಇಳಿದದ್ದಕ್ಕಿಂತ ಹೆಚ್ಚು ಇಳಿದಂತೆ ಕಾಣುತ್ತದೆ. ಇಳಿಯುವುದಂತೂ ನಿಜ. ಎಟಿ ಟೈರು ಭಾರ, ಉರುಳಲು ಹೆಚ್ಚು ಶಕ್ತಿ ಬೇಕು.

ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ಹೇಳುತ್ತದೆ, ಅಲ್ಲಿಂದ ಶುರು ಮಾಡಿ. ಹೊಸ ಅಳತೆಗೆ ಹೊಂದಿಸಲು ಸೀಮೆಸುಣ್ಣ ಸಾಕು. ಟ್ರೆಡ್ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪ ಗೆರೆ ಎಳೆದು, ಒಣ ಟಾರಿನ ಮೇಲೆ ನೂರು ಮೀಟರ್ ನೇರ ಓಡಿಸಿ. ನಡುವಿನ ಸುಣ್ಣ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದರೆ ಕಮ್ಮಿ. ಖಾಲಿ ಗಾಡಿಗೊಂದು, ಲೋಡ್ ಗಾಡಿಗೊಂದು ಅಂಕಿ ಬರೆದಿಟ್ಟುಕೊಳ್ಳಿ. ಮನೆಯ ಏರಿನಲ್ಲಿ ಜಾರಿದರೆ ಖಾಲಿ ಗಾಡಿಯ ನಾಲ್ಕೂ ಟೈರಿನ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿ, 4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಸಮವಾಗಿ ಹಿಡಿದು ಹತ್ತಿ ನೋಡಿ. ಲಿಫ್ಟ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಟೈರು ರಿಮ್ ಬಿಟ್ಟು ಕಳಚಬಹುದು. ಟಾರು ಸೇರುವ ಮೊದಲು ಗಾಳಿ ತುಂಬಿಸಲೇಬೇಕು, 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಗಾಡಿಯಲ್ಲಿರಲಿ. ಟಾರಿನ ಮೇಲೆ ಬಂದ ಕೂಡಲೇ 2ಎಚ್‌ಗೂ ಬನ್ನಿ. ಮತ್ತೆ, ಹೊಸ ಟೈರಿನಲ್ಲಿ 60-80ರ ವೇಗಕ್ಕೆ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡುವ ಮೊದಲು ರಿಮ್ ಒಳಭಾಗ ತೊಳೆಯಿರಿ. ಒಣಗಿ ಅಂಟಿದ ಮುಷ್ಟಿಯಷ್ಟು ಕೆಮ್ಮಣ್ಣೇ ಕಾರಣವಾಗಿರಬಹುದು.

ಆರ್‌ಟಿಒ ವಿಷಯ ನೇರವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮೌಂಟ್ ಕತ್ತರಿಸಿ 33 ಇಂಚು ತೊಡಿಸಿದ ಗಾಡಿ ಚೆಕ್‌ಪೋಸ್ಟಿನಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. 265/70 ಕಣ್ಣಿಗೆ ಹೊಡೆಯದಿದ್ದರೂ ನಿಮ್ಮ ಮಾಡೆಲ್‌ಗೆ ಕಂಪನಿ ಕೊಟ್ಟ ಅಳತೆ ಅಲ್ಲ. ದಂಡಕ್ಕಿಂತ ದೊಡ್ಡ ಪ್ರಶ್ನೆ ವಿಮೆಯದ್ದು. ಅಪಘಾತವಾದಾಗ ಸರ್ವೇಯರ್ ಟೈರಿನ ಅಳತೆ, ಸಸ್ಪೆನ್ಷನ್ ನೋಡಿ ಕ್ಲೇಮಿಗೆ ಆಕ್ಷೇಪ ಎತ್ತಬಹುದು. ಮಾಡಿಸುವ ಮೊದಲೇ ವಿಮಾ ಕಂಪನಿಗೆ ಬರೆದು, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ತಕರಾರೇ ಬೇಡ ಎಂದರೆ 245/70 ಆರ್16 ಅಳತೆಯಲ್ಲೇ ಎಟಿ ಟೈರು ಹಾಕಿಸಿ. ಕಳೆದುಕೊಳ್ಳುವುದು 14 ಮಿ.ಮೀ. ಮಾತ್ರ.

ನಿಮ್ಮ ಜಾಗದಲ್ಲಿ ಮಾಡಬೇಕಾದ ಕ್ರಮ ಹೀಗಿರಲಿ: ಈ ಬೇಸಿಗೆಯಲ್ಲಿ ದಾರಿಗೆ ಕಲ್ಲು, ಅಡ್ಡ ಚರಂಡಿ, ಗಾಡಿಗೆ ಕಂಪನಿ ಅಳತೆಯ ಐದು ಎಟಿ ಟೈರು, ಅಳೆದು ನೋಡಿದಾಗ ಸ್ಪ್ರಿಂಗ್ ಕುಸಿದದ್ದು ಖಚಿತವಾದರೆ ಹೊಸ ಸ್ಪ್ರಿಂಗ್ ಮತ್ತು ಶಾಕ್. ಒಂದು ಮಳೆಗಾಲ ಓಡಿಸಿ. ಆಮೇಲೂ ಗೇರ್‌ಬಾಕ್ಸ್ ಅಡಿ ತಗಲುತ್ತಿದ್ದರೆ ಮಾತ್ರ 40 ಮಿ.ಮೀ. ಲಿಫ್ಟ್.

ಲಿಫ್ಟ್ ಮಾಡಿಸಿಯೇ ಬಿಟ್ಟರೆ ಜಾಕನ್ನು ಮರೆಯಬೇಡಿ. ಗಾಡಿಯ ಜೊತೆ ಬಂದ ಜಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಸಸ್ಪೆನ್ಷನ್ ಜೋತುಬಿದ್ದು ಚಕ್ರ ನೆಲ ಬಿಡುವುದೇ ಇಲ್ಲ. ಹಿಂದಿನ ಚಕ್ರಕ್ಕೆ ಆಕ್ಸಲ್ ಅಡಿಗೇ ಕೊಡಿ, ಮುಂದಕ್ಕೆ ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೆ. ಕೆಸರಿನಲ್ಲಿ ಜಾಕ್ ಹೂತುಹೋಗದಂತೆ ಎರಡಿಂಚು ದಪ್ಪದ, ಒಂದಡಿ ಚೌಕದ ಗಟ್ಟಿ ಹಲಗೆ ಸೀಟಿನ ಹಿಂದೆ ಇರಲಿ. ಗಾಡಿ ಮನೆ ಮುಂದೆ ಇರುವಾಗಲೇ ಒಮ್ಮೆ ಸ್ಟೆಪ್ನಿ ಇಳಿಸಿ, ಬದಲಿಸಿ, ವಾಪಸ್ ಹತ್ತಿಸಿ ನೋಡಿಕೊಳ್ಳಿ.